ಅಜ್ಜನ ಈಜಿಚೇರು ಬೆಂಗಳೂರಿಗೆ ಬಂದು ಕೂರೋಕೆ ಏಳು ತಿಂಗಳು

ಮೊನ್ನೆ ಭಾನುವಾರ ಹಾಲ್‌ನ ಕೊನೇ ಪರದೆ ಹಾಕಿ ಆಯ್ತು. ಯುಗಾದಿಗೆ ಊರಿಗೆ ಹೋದಾಗ ಶುರುವಾದ ಕೆಲ್ಸ, ದೀಪಾವಳಿ ಕಳೆದ್ಮೇಲೆ ಮುಗೀತು. ಹಳೇ ಸಾಮಾನು ಇಟ್ಕೊಂಡು ಮನೇನ ಹಳೇ ಕಾಲದ ಮನೆ ಥರ ಆರಾಮಾಗಿ ಮಾಡ್ಕೋಬೇಕು ಅನ್ನೋ ಆಸೆ ಇರೋರು ತುಂಬಾ ಜನ ಇದ್ದಾರೆ, ನಮ್ಮ ಆಫೀಸಲ್ಲೇ ಮೂರು ಜನ ಎಷ್ಟಾಯ್ತು, ಯಾರ್ ಹತ್ರ ಮಾಡಿಸಿದ್ರಿ ಅಂತ ಕೇಳಿದ್ರು, ಅದಕ್ಕೇ ಮೊದಲಿಂದ ಎಲ್ಲಾ ಬರೆದಿಡ್ತಿದೀನಿ. ನಾನು ಶುರು ಮಾಡೋವಾಗ ಈ ಥರ ಯಾರಾದ್ರೂ ಹೇಳಿದ್ರೆ ಮೂರು ತಿಂಗಳಾದ್ರೂ ಉಳೀತಿತ್ತು.

ನಮ್ಮ ಅಜ್ಜನ ಮನೆ ಶಿವಮೊಗ್ಗ ಜಿಲ್ಲೇಲಿ, ಅಡಿಕೆ ತೋಟದ ಮಧ್ಯ. ಹೆಂಚಿನ ಮನೆ, ಮಣ್ಣಿನ ಗೋಡೆ, ಮಧ್ಯ ಅಂಗಳ. ಈಗ ಅಲ್ಲಿ ಚಿಕ್ಕಪ್ಪ ಇರೋದು. ಗೋಡೆ ಒಂದು ಕಡೆ ಕುಸಿದು ಎರಡು ಮಳೆಗಾಲ ಆಗಿತ್ತು, ಈ ವರ್ಷ ಕೆಡವಿ ಆರ್‌ಸಿಸಿ ಮನೆ ಕಟ್ಟೋದು ಅಂತ ತೀರ್ಮಾನ ಆಗಿತ್ತು. ಹಬ್ಬದ ಊಟ ಆದ್ಮೇಲೆ ಚಿಕ್ಕಪ್ಪ ಜಗಲೀಲಿ ಎಲೆ ಅಡಿಕೆ ಹಾಕ್ತಾ "ಕೂಸೆ, ನಿಂಗೆ ಏನ್ ಬೇಕೋ ಈಗ್ಲೇ ನೋಡ್ಕಂಡ್ ಹೇಳು, ಜೆಸಿಬಿ ಬಂದ್ಮೇಲೆ ಅಳ್ತಾ ಕೂತ್ರೆ ಆಗಲ್ಲ" ಅಂದ್ರು. ಅವತ್ತು ಮಧ್ಯಾಹ್ನ ಅಟ್ಟ ಹತ್ತಿ ಇಳಿದು ನಾನು ಪಟ್ಟಿ ಮಾಡಿದ್ದು ಇಷ್ಟು: ಅಜ್ಜನ ಈಜಿಚೇರು, ಬೆತ್ತ ಹರಿದ ನಾಲ್ಕು ಕುರ್ಚಿ, ಒಂದು ಮಂಚ, ಹಿತ್ತಾಳೆ ಪಟ್ಟಿ ಇರೋ ಮರದ ಪೆಟ್ಟಿಗೆ, ನಡುಮನೆಯ ಹಸಿರು ಬಣ್ಣ ಬಳಿದ ಬಾಗಿಲು, ಎರಡು ಕಂಬ. ಇನ್ನೂ ಏನೇನೋ ಆಸೆ ಇತ್ತು, ಆದ್ರೆ ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು, 900 ಚದರಡಿ ನೆಲ. ಪಟ್ಟಿ ಬರೆಯೋಕ್ ಮುಂಚೆ ಫೋನಲ್ಲೇ ಮನೆ ಅಳತೆ ತರಿಸ್ಕೊಂಡು, ಜಗಲಿ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಹಾಲ್‌ನ ಅಳತೆಗೆ ಗೆರೆ ಎಳೆದು ಕುರ್ಚಿಗಳನ್ನೆಲ್ಲ ಅದ್ರೊಳಗೆ ಇಟ್ಟು ನೋಡ್ದೆ. ಅದೊಂದು ಒಳ್ಳೇ ಕೆಲ್ಸ ಮಾಡ್ದೆ ಅಂತ ಈಗಲೂ ಅನ್ಸುತ್ತೆ. ಮಲೆನಾಡಿನ ಜಗಲೀಲಿ ಸಣ್ಣದಾಗಿ ಕಾಣೋ ಮಂಚ ಬೆಂಗಳೂರು ರೂಮಿಗೆ ಬಂದ್ರೆ ಆನೆ ಥರ ಆಗುತ್ತೆ.

ಮೊದಲನೇ ಅಡ್ಡಿ ಬಂದಿದ್ದು ಮರ ಸಾಗಿಸೋದ್ರಲ್ಲಿ. ಕುರ್ಚಿ ಮಂಚ ಪೆಟ್ಟಿಗೆ ಇವೆಲ್ಲ ಮನೆ ಸಾಮಾನು ಅಂತ ಹೋಗುತ್ತೆ, ಆದ್ರೆ ಕೆಡವಿದ ಮನೆಯ ಕಂಬ, ಬಾಗಿಲು, ದಾರಂದ ಅಂದ್ರೆ ಅದು ಮರಮಟ್ಟು, ಅರಣ್ಯ ಇಲಾಖೆ ಪಾಸ್ ಇಲ್ದೆ ಲಾರಿಗೆ ಹಾಕ್ಬೇಡಿ, ದಾರೀಲಿ ತಡೆದ್ರೆ ಲಾರಿ ಸಮೇತ ನಿಲ್ಲಿಸ್ತಾರೆ ಅಂತ ಊರಿನ ಬಡಗಿ ಹೇಳಿದ್ರು. ನಮ್ಮ ಮನೇದೇ ಮರ, ನಾವು ಹುಟ್ಟೋಕ್ ಮುಂಚೆ ಕಡಿದಿದ್ದು, ಅದಕ್ಕೂ ಪಾಸಾ ಅಂತ ಮೊದಲು ಸಂಕಟ ಆಯ್ತು. ಆಮೇಲೆ ಯೋಚ್ನೆ ಮಾಡಿದ್ರೆ ಹಳೇ ಮನೆ ಮರ ಅಂತ ಹೇಳ್ಕೊಂಡು ಹೊಸ ಮರ ಸಾಗಿಸೋರೂ ಇರ್ತಾರಲ್ಲ, ಕೇಳ್ಬೇಕಾದ್ದೇ. ಚಿಕ್ಕಪ್ಪನ ಹೆಸರಲ್ಲಿ ಅರ್ಜಿ ಕೊಟ್ವಿ. ನಮ್ಮ ಹತ್ರ ಕೇಳಿದ್ದು ಪಹಣಿ, ಪಂಚಾಯ್ತಿ ಮನೆ ಕಂದಾಯದ ರಸೀದಿ, ಮನೆ ಕೆಡವ್ತಿದೀವಿ ಅನ್ನೋದಕ್ಕೆ ಪಂಚಾಯ್ತಿ ಪತ್ರ, ಆಧಾರ್ ಪ್ರತಿ, ನಿಂತಿರೋ ಮನೆಯ ಫೋಟೋ, ಆಮೇಲೆ ಒಂದೊಂದು ಮರದ ಉದ್ದ ಅಗಲ ದಪ್ಪ ಬರೆದ ಪಟ್ಟಿ. ಒಬ್ಬರು ಬಂದು ಟೇಪ್ ಹಿಡಿದು ಎಲ್ಲಾ ಅಳೆದು ಮರಕ್ಕೆ ಗುರುತು ಹಾಕಿ ಹೋದ್ರು. ಮೂರು ವಾರ ಆಯ್ತು ಪಾಸ್ ಕೈಗೆ ಬರೋಕೆ. ಅದ್ರಲ್ಲಿ ಗಾಡಿ ನಂಬರು, ಹೋಗೋ ದಾರಿ, ಎಷ್ಟನೇ ತಾರೀಕಿನ ತನಕ ನಡೆಯುತ್ತೆ ಎಲ್ಲಾ ಬರೆದಿರುತ್ತೆ, ಹಾಗಾಗಿ ಗಾಡಿ ಗಟ್ಟಿ ಮಾಡ್ಕೊಂಡೇ ಅರ್ಜಿ ಹಾಕಿ. ಇನ್ನೊಂದು, ಫೋಟೋನ ಮನೆ ಕೆಡವೋಕ್ ಮುಂಚೇನೇ ತೆಗೆದಿಟ್ಕೊಳ್ಳಿ, ಕೆಡವಿದ ಮೇಲೆ ಈ ಕಂಬ ಆ ಮನೇದೇ ಅಂತ ತೋರಿಸೋಕೆ ಬೇರೆ ಏನೂ ಉಳಿಯಲ್ಲ. ಮರದ ಜಾತಿ ನೋಡ್ಕೊಂಡು ನಿಯಮ ಬದಲಾಗುತ್ತೆ, ತೇಗ ಬೀಟೆ ಇದ್ರಂತೂ ವಿಚಾರಿಸ್ದೆ ಮುಟ್ಲೇಬೇಡಿ.

ಮೇ ಮೂರನೇ ವಾರ 407 ಗಾಡಿ, ಅಂದ್ರೆ ಸಣ್ಣ ಲಾರಿ, ಬಂತು, ಬಾಡಿಗೆ 14,000, ಹತ್ತಿಸಿ ಇಳಿಸೋರಿಗೆ ಎರಡೂ ಕಡೆ ಸೇರಿ 3,500. ಹೊರಡೋವಾಗ ಚಿಕ್ಕಪ್ಪ ಮಾಡಿಂದ ಇಳಿಸಿದ್ದ ಹೆಂಚಲ್ಲಿ ಎರಡು ತಂದು ಗೋಣಿ ಸುತ್ತಿ ಸೀಟಿನ ಕೆಳಗೆ ಇಟ್ರು. ಹಿಂದೆ ಬಾಸೆಲ್ ಮಿಷನ್ ಅಂತ ಅಚ್ಚು ಇದೆ. ಆ ಮಿಷನ್‌ನೋರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಘಟ್ಟ ಹತ್ತಿ ಮಲೆನಾಡಿನ ಎಷ್ಟೋ ಮನೆಗಳಿಗೆ ಬಂದಿದ್ದು ಆ ಹೆಂಚು. ನಮ್ಮ ಮನೆ ಹೆಂಚು ಯಾವ ವರ್ಷದ್ದೋ, ಅಪ್ಪನಿಗೂ ನೆನಪಿಲ್ಲ. ಈಗ ಅವೆರಡೂ ಬಾಲ್ಕನೀಲಿ ತುಳಸಿ ಕುಂಡದ ಪಕ್ಕ ಒರಗಿಸಿಟ್ಟಿದೀನಿ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳ್ಬೇಕು. ನೆಲದ ಕೆಲ್ಸ ಮುಗಿಸ್ದೆ ಸಾಮಾನು ತಂದ್ಬಿಟ್ಟೆ. ನಮ್ಮ ಬಿಲ್ಡಿಂಗ್ ಕಟ್ಟಿದ್ದು 1998ರಲ್ಲಿ, ನೆಲ ಪೂರ್ತಿ ಮೊಸಾಯಿಕ್. ಮನೆ ತಗೊಂಡಾಗಿಂದ ನೋಡಿದೋರೆಲ್ಲ ಇದನ್ನ ಕಿತ್ತಾಕಿ ವಿಟ್ರಿಫೈಡ್ ಟೈಲ್ಸ್ ಹಾಕ್ಸಿ ಅಂತಾನೇ ಹೇಳ್ತಿದ್ರು. ದಯವಿಟ್ಟು ಕೀಳ್ಬೇಡಿ. ಹಳೇ ಚಂದ ಬೇಕು ಅಂತ ದುಡ್ಡು ಕೊಟ್ಟು ಹುಡುಕೋ ನಾವು ಕಾಲಡೀಲಿ ಇರೋದನ್ನೇ ಒಡೆದು ಹಾಕೋದು ನಂಗಂತೂ ಸರಿ ಕಾಣಲ್ಲ. ಮೊಸಾಯಿಕ್ ಅಂದ್ರೆ ಸಿಮೆಂಟಲ್ಲಿ ಮಾರ್ಬಲ್ ಚೂರು ಸೇರಿಸಿ ಉಜ್ಜಿರೋದು ಅಷ್ಟೇ, ಮೇಲಿನ ಮಾಸಿದ ಪದರ ಉಜ್ಜಿದ್ರೆ ಕೆಳಗೆ ಹೊಸ ನೆಲ ಇರುತ್ತೆ. ಚದರಡಿಗೆ 30 ರೂಪಾಯಿ ಲೆಕ್ಕದಲ್ಲಿ 27,000 ಆಯ್ತು. ಮೆಷಿನ್ನಿಗೆ ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು ಹಾಕಿ ನೀರು ಬಿಟ್ಕೊಂಡು ನಾಲ್ಕು ದಿನ ಉಜ್ಜಿದ್ರು, ಕೊನೇಲಿ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ಬರಿಸಿದ್ರು. ಉಜ್ಜೋವಾಗ ಬರೋ ಬೂದು ಕೆಸರನ್ನ ಬಾತ್‌ರೂಮ್ ಪೈಪಿಗೆ ಬಿಡೋಕೆ ಬಿಡ್ಬೇಡಿ, ಒಳಗೆ ಸಿಮೆಂಟ್ ಥರ ಗಟ್ಟಿ ಆಗುತ್ತೆ, ಬಕೆಟ್ಟಲ್ಲಿ ತುಂಬಿಸಿ ಹೊರಗೆ ಹಾಕ್ಸಿ. ಈ ನಾಲ್ಕು ದಿನ ನಮ್ಮ ಸಾಮಾನೆಲ್ಲ ಕೆಳಗೆ ಪಾರ್ಕಿಂಗಲ್ಲಿ ಟಾರ್ಪಾಲ್ ಹೊದ್ದು ನಿಂತಿತ್ತು, ಅಸೋಸಿಯೇಷನ್‌ನೋರು ಬಂದು ಜಾಗ ಖಾಲಿ ಮಾಡಿ ಅಂತ ಎರಡು ಸಲ ಹೇಳಿ ಹೋದ್ರು, ನಂಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಎಲ್ಲಿ ಮಳೆ ಬರುತ್ತೋ ಅಂತ. ಮಂಚ ಲಿಫ್ಟಿಗೆ ಹೋಗ್ಲಿಲ್ಲ, ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಹೊತ್ರು. ಮೆಟ್ಟಿಲು ತಿರುಗೋ ಜಾಗದ ಅಳತೆ ತಗೊಳ್ಳೋದು ಮರೀಬೇಡಿ, ಬಾಗಿಲಿಗಿಂತ ಅಲ್ಲೇ ಸಿಕ್ಕಿಹಾಕ್ಕೊಳ್ಳೋದು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ನೆಲ ಗುಡಿಸ್ತಾ ಇದ್ದೆ, ಈಜಿಚೇರಿನ ಕೆಳಗೆ ಸಣ್ಣ ಬಿಳಿ ಗುಡ್ಡೆ, ರಾಗಿಹಿಟ್ಟಿಗಿಂತ ನಯ. ಹಿಂದಿನ ದಿನವೂ ಗುಡಿಸಿದ್ದೆ. ಬಗ್ಗಿ ಕಾಲಿನ ಹಿಂದೆ ನೋಡಿದ್ರೆ ಸೂಜಿ ಚುಚ್ಚಿದ ಹಾಗೆ ಇಪ್ಪತ್ತು ಮೂವತ್ತು ತೂತು. ಚಿಕ್ಕಪ್ಪನಿಗೆ ಫೋಟೋ ಕಳಿಸ್ದೆ, "ಕುಟ್ಟೆ ಹೊಡ್ದಿದೆ" ಅಂತ ಒಂದೇ ಸಾಲು ಬಂತು. ನಂಗೆ ಹೊಟ್ಟೇಲಿ ಕಲ್ಲು ಹಾಕ್ದಂಗಾಯ್ತು. ಅಜ್ಜ ಸಂಜೆ ಕಾಫಿ ಕುಡೀತಾ ಕೂರ್ತಿದ್ದ ಕುರ್ಚಿ ಅದು, ನಮ್ಮನೇಲಿ ಅದಕ್ಕಿಂತ ದೊಡ್ಡ ವಸ್ತು ಇಲ್ಲ. ಎರಡು ದಿನ ನಂಗೆ ಅದೇ ಯೋಚ್ನೆ. ಆಮೇಲೆ ಬಡಗಿ ಒಬ್ರು ಬಂದು ತಟ್ಟಿ ನೋಡಿ, ಒಳಗೆ ಟೊಳ್ಳಾಗಿಲ್ಲ, ಹಿಂದಿನ ಕಾಲು ಒಂದಕ್ಕೇ ಹಿಡಿದಿದೆ, ಉಳಿಸ್ಬೋದು ಅಂದ್ರು.

ಕುಟ್ಟೆಗೂ ಗೆದ್ದಲಿಗೂ ವ್ಯತ್ಯಾಸ ಇದೆ, ಇದನ್ನ ತಿಳ್ಕೊಂಡಿರಿ. ಗೆದ್ದಲು ಮಣ್ಣಿನ ದಾರಿ ಮಾಡ್ಕೊಂಡು ನೆಲದಿಂದ ಬರುತ್ತೆ. ಕುಟ್ಟೆ ಹುಳ ಮರದೊಳಗೇ ಮೊಟ್ಟೆಯಿಂದ ಬೆಳೆದು, ದೊಡ್ಡದಾದ್ಮೇಲೆ ತೂತು ಕೊರೆದು ಹೊರಗೆ ಬರುತ್ತೆ, ಅಂದ್ರೆ ನಮಗೆ ತೂತು ಕಾಣೋ ಹೊತ್ತಿಗೆ ಒಳಗೆ ಎಷ್ಟೋ ಕಾಲದಿಂದ ತಿಂದಿರುತ್ತೆ. ತೂತು ಇದ್ದ ಮಾತ್ರಕ್ಕೆ ಹುಳ ಇದೆ ಅಂತಲ್ಲ, ಹಳೇ ತೂತು ಇರ್ಬೋದು. ಕೆಳಗೆ ಕರಿ ಕಾಗದ ಹಾಸಿ ಒಂದು ವಾರ ಬಿಡಿ, ಹೊಸ ಹಿಟ್ಟು ಬಿದ್ರೆ ಹುಳ ಜೀವಂತ ಇದೆ. ನಮಗೆ ದಿನಾ ಬೀಳ್ತಿತ್ತು. ಕೊರಕ ಹುಳಕ್ಕೆ ಅಂತ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಔಷಧೀನ ಸಿರಿಂಜಲ್ಲಿ ಒಂದೊಂದು ತೂತಿಗೂ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಗಾಳಿ ಆಡದ ಹಾಗೆ ಟೇಪ್ ಹಾಕಿ ಹತ್ತು ದಿನ ಬಾಲ್ಕನೀಲಿ ಇಟ್ರು. ಹದಿನೈದು ದಿನ ಬಿಟ್ಟು ಇನ್ನೊಂದ್ಸಲ. ಎಲ್ಲಾ ಸಾಮಾನಿಗೂ ಸೇರಿ 4,000. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಇಲ್ದೆ ಈ ಕೆಲ್ಸ ಮಾಡ್ಬೇಡಿ, ಮಕ್ಕಳಿರೋ ಮನೇಲಿ ಒಳಗಂತೂ ಬೇಡ.

ಇದರ ಮಧ್ಯ ಒಂದು ನಷ್ಟ ಆಯ್ತು. ಒಂದು ಬೀರು ಬೇಕಿತ್ತು, ಹಳೇ ಸಾಮಾನು ಮಾರೋ ಅಂಗಡೀಲಿ ಎಂಬತ್ತು ವರ್ಷದ ತೇಗದ್ದು ಅಂತ 28,000ಕ್ಕೆ ಕೊಟ್ರು. ಮನೆಗೆ ಬಂದ ಬಡಗಿ ಹಿಂದೆ ತಿರುಗಿಸಿ ನೋಡಿ ಸುಮ್ನಾದ್ರು. ಹಿಂದಿನ ಹಲಗೆ ಪ್ಲೈವುಡ್ಡು, ಸ್ಕ್ರೂ ಎಲ್ಲಾ ಪ್ಲಸ್ ತಲೇದು, ಡ್ರಾಯರ್ ಒಳಗೆ ಮಾತ್ರ ಬಣ್ಣ ಹಚ್ಚದೆ ಬಿಟ್ಟ ಕಡೆ ಹೊಸ ಮರದ ಬಿಳುಪು. ಅಂಗಡಿಯೋರು ವಾಪಸ್ ತಗೊಳ್ಳಲ್ಲ ಅಂದ್ರು, ಕೊನೆಗೆ 15,000ಕ್ಕೆ, ಇದು ಹೊಸದು ಅಂತ ಹೇಳೇ ಬೇರೆಯವರಿಗೆ ಕೊಟ್ಟೆ. ತುಂಬಾ ಬೇಜಾರಾಯ್ತು. ಹಳೇದು ಅಂತ ತಗೊಳ್ಳೋವಾಗ ಮುಂದೆ ನೋಡ್ಬೇಡಿ, ಹಿಂದೆ, ಕೆಳಗೆ, ಡ್ರಾಯರ್ ಎಳೆದು ಒಳಗೆ ನೋಡಿ. ಕೈಯಲ್ಲಿ ಮಾಡಿದ ಸಾಮಾನಿನ ಡ್ರಾಯರ್ ಮೂಲೆಯ ಕಚ್ಚುಗಳು ಒಂದು ಅಗಲ ಒಂದು ಸಣ್ಣ ಇರುತ್ತೆ, ಮೆಷಿನ್‌ದಾದ್ರೆ ಎಲ್ಲಾ ಒಂದೇ ಸಮ. ಹಿತ್ತಾಳೆ ಹಿಡಿಗೆ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಂಡಿರಿ, ಅಂಟಿದ್ರೆ ಒಳಗೆ ಕಬ್ಬಿಣ. ನಾನು ಹಿಡಿ, ಕೊಂಡಿ, ಹಳೇ ಗಾಜಿನ ಶೇಡು ಇವೆಲ್ಲ ಕೆ.ಆರ್. ಮಾರ್ಕೆಟ್ ಹತ್ರದ ಸಂಡೆ ಬಜಾರಲ್ಲಿ ಹುಡುಕಿದ್ದು. ಬೆಳಿಗ್ಗೆ ಬೇಗ ಹೋಗ್ಬೇಕು, ಬಿಸಿಲು ಏರಿದ್ಮೇಲೆ ಕಾಲಿಡೋಕೂ ಜಾಗ ಇರಲ್ಲ.

ಆಮೇಲೆ ಬರೀ ಕಾಯೋದು. ಮಲೆನಾಡಿನ ತೇವದಲ್ಲಿ ಇದ್ದ ಮರ ಬೆಂಗಳೂರಿನ ಒಣ ಗಾಳಿಗೆ ಬಂದ್ರೆ ಕುಗ್ಗುತ್ತೆ. ಕುರ್ಚಿ ಕೀಲು ಎಲ್ಲಾ ಸಡಿಲ ಆಯ್ತು, ಬಾಗಿಲಲ್ಲಿ ರಾತ್ರಿ ಹೊತ್ತು ಟಕ್ ಅಂತ ಶಬ್ದ ಬಂದು ಒಂದು ಹಲಗೆ ಮಧ್ಯ ಕೂದಲೆಳೆ ಬಿರುಕು ಬಿಟ್ಟಿತ್ತು. ನಾನು ಗಾಬರಿ ಆಗಿ ತಕ್ಷಣ ಪಾಲಿಶ್ ಮಾಡಿ ಅಂದೆ. ಪಾಲಿಶ್‌ನೋರು ಬೇಡ, ಮರ ಮೊದಲು ಈ ಊರಿಗೆ ಹೊಂದಿಕೊಳ್ಲಿ, ಆಮೇಲೆ ಕೀಲು ಬಿಗಿ ಮಾಡಿ ಪಾಲಿಶ್ ಮಾಡೋಣ ಅಂದ್ರು. ನಾನು ಒತ್ತಾಯ ಮಾಡಿದ್ದಕ್ಕೆ ಆಗಸ್ಟಲ್ಲಿ ಒಂದು ಕುರ್ಚಿ ಮಾಡಿದ್ರು. ಅವತ್ತು ಸಂಜೆ ಮಳೆ ಹಿಡೀತು, ಬೆಳಿಗ್ಗೆ ನೋಡಿದ್ರೆ ಕುರ್ಚಿ ಮೈ ಪೂರ್ತಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಗಾಳೀಲಿ ತೇವ ಜಾಸ್ತಿ ಇದ್ರೆ ಅರಗಿನ ಪಾಲಿಶ್ ಹಾಗೆ ಮಂಜು ಕಟ್ಟುತ್ತೆ. ಎಲ್ಲಾ ಸ್ಪಿರಿಟ್ಟಲ್ಲಿ ಒರೆಸಿ ತೆಗೆದು ಸೆಪ್ಟೆಂಬರಲ್ಲಿ ಮೊದಲಿಂದ ಮಾಡಿದ್ರು. ಮಳೆ ಹಿಡಿದಿರೋವಾಗ ಪಾಲಿಶ್ ಇಟ್ಕೊಳ್ಳಲೇಬೇಡಿ.

ಯಾವ ಪಾಲಿಶ್ ಅನ್ನೋದಕ್ಕೂ ಒಂದು ಮಾತು. ಈಗ ಎಲ್ರೂ ಪಿಯು (ಪಾಲಿಯುರೆಥೇನ್), ಮೆಲಮೈನ್ ಅಂತಾರೆ, ಗಟ್ಟಿ ಇರುತ್ತೆ ನಿಜ, ನೀರು ಬಿದ್ರೂ ಏನೂ ಆಗಲ್ಲ, ಆದ್ರೆ ಹಳೇ ಮರದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ ಕಾಣುತ್ತೆ. ನಾವು ಹಳೇ ಪದ್ಧತಿ ಅರಗನ್ನೇ ಆರಿಸ್ಕೊಂಡ್ವಿ. ಅರಗಿನ ಹುಳ ಮರದ ಕೊಂಬೆ ಮೇಲೆ ಬಿಟ್ಟಿದ್ದನ್ನ ಶುದ್ಧ ಮಾಡಿ ಚಕ್ಕೆ ಮಾಡಿರ್ತಾರೆ, ಅದನ್ನ ಸ್ಪಿರಿಟ್ಟಲ್ಲಿ ರಾತ್ರಿ ನೆನೆಹಾಕಿ, ಹತ್ತಿ ಉಂಡೆಗೆ ಬಟ್ಟೆ ಸುತ್ತಿ ಕೈಯಲ್ಲೇ ಪದರ ಪದರ ಉಜ್ಜೋದು. ಬಿಸಿ ಪಾತ್ರೆ, ನೀರಿನ ಲೋಟ ನೇರ ಇಟ್ರೆ ಕಲೆ ಆಗುತ್ತೆ, ಆದ್ರೆ ಕಲೆ ಆದ ಕಡೆ ಮಾತ್ರ ಮತ್ತೆ ಹಚ್ಚಬಹುದು, ಪಿಯು ಆದ್ರೆ ಪೂರ್ತಿ ಕೆರೀಬೇಕು. ದಿನಕ್ಕೆ 1,200 ಕೂಲಿ, ಇಬ್ರು, ಒಂಬತ್ತು ದಿನ, 21,600. ಪಾಲಿಶ್ ಸಾಮಾನಿಗೆ 6,500.

ಹಸಿರು ಬಾಗಿಲಿನ ವಿಷ್ಯದಲ್ಲಿ ಒಂದು ಎಚ್ಚರಿಕೆ. ಹಳೇ ಆಯಿಲ್ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ, ಒಣಗಿದ್ದನ್ನ ಹಾಗೇ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಆ ಧೂಳು ಮನೆ ತುಂಬಾ ಹರಡುತ್ತೆ. ನಾವು ತೆರೇಸ್ ಮೇಲೆ ಒದ್ದೆ ಮಾಡ್ಕೊಂಡು ತೆಗೆಸಿದ್ವಿ, ಮಗನ್ನ ಆ ಕಡೆ ಬಿಡ್ಲಿಲ್ಲ. ಬಣ್ಣದ ಕೆಳಗೆ ಹಲಸಿನ ಮರ. ಹಲಸು ಹೊಸದ್ರಲ್ಲಿ ಅರಿಶಿನ ಬಣ್ಣ, ವರ್ಷ ಕಳೀತಾ ಕಂದು ಆಗುತ್ತೆ, ಇದು ಜೋನಿಬೆಲ್ಲದ ಬಣ್ಣ ಬಂದಿತ್ತು. ಅಗುಳಿ ಜಾಗದ ಹಳ್ಳ ಹಾಗೇ ಬಿಟ್ಟು, ಕೆಳಗೆ ಕಾಲು ಕೂರಿಸಿ, ಮೇಲೆ ಗಾಜು ಹಾಕ್ಸಿ ಊಟದ ಟೇಬಲ್ ಮಾಡಿಸಿದ್ವಿ, ಬಡಗಿ ಗಾಜು ಸೇರಿ 11,500. ಟೇಬಲ್ ಎತ್ತರ 30 ಇಂಚು ಇರ್ಲಿ, ನಮ್ಮ ಬಡಗಿ ಮೊದಲು 32 ಮಾಡಿ ಮಗನಿಗೆ ತಟ್ಟೆ ಎಟುಕ್ತಾ ಇರ್ಲಿಲ್ಲ, ಮತ್ತೆ ಕುಯ್ಯಿಸಿದ್ವಿ.

ಈಜಿಚೇರು ಉಜ್ಜೋ ದಿನ ನಾನು ಆಫೀಸಿಗೆ ರಜಾ ಹಾಕಿದ್ದೆ. ಬಲಗೈ ಹಲಗೆ ಮೇಲೆ ಒಂದು ಕಪ್ಪು ಉಂಗುರ ಇದೆ, ಅಜ್ಜ ಹಿತ್ತಾಳೆ ಲೋಟ ಇಟ್ಟೂ ಇಟ್ಟೂ ಆಗಿದ್ದು. ಒಂದೇ ಉಂಗುರ ಅಲ್ಲ, ಹತ್ತಿರ ಹೋಗಿ ನೋಡಿದ್ರೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಜರುಗಿದ ಹತ್ತಾರು ಉಂಗುರ, ಮಧ್ಯ ಮಾತ್ರ ಮರದ ಬಣ್ಣ ಉಳಿದಿದೆ. ಪಾಲಿಶ್‌ನೋರು "ಮೇಡಂ, ಇದನ್ನ ಎಂಬತ್ತು ನಂಬರ್ ಕಾಗದದಲ್ಲಿ ಹೊಡೆದ್ರೆ ಹೋಗ್ಬಿಡುತ್ತೆ, ಹೊಸದರ ಹಾಗೆ ಆಗುತ್ತೆ" ಅಂತ ಕಾಗದ ಮಡಚೇಬಿಟ್ಟಿದ್ರು. ನಾನು ಅಂಗೈ ಅದರ ಮೇಲೆ ಇಟ್ಟೆ. ಬೇಡ ಅಣ್ಣ, ಇಲ್ಲಿ ಬರೀ ಒರೆಸಿ ಪಾಲಿಶ್ ಹಚ್ಚಿ ಅಂದೆ. ಅವರಿಗೆ ಅರ್ಥ ಆಯ್ತು, ಏನೂ ಕೇಳ್ಲಿಲ್ಲ, ಆ ಜಾಗಕ್ಕೆ ನಯ ಕಾಗದ ಕೂಡ ತಾಗಿಸ್ಲಿಲ್ಲ. ಕೆಲ್ಸದೋರು ಬಂದಾಗ ಯಾವುದು ಉಳೀಬೇಕು ಅನ್ನೋದನ್ನ ಬಾಯಲ್ಲಿ ಹೇಳೋದು ಸಾಲ್ದು, ಅಲ್ಲಿ ಟೇಪ್ ಅಂಟಿಸಿ ಗುರುತು ಮಾಡಿ. ಅವರ ಕೈಗೆ ಕಲೆ ತೆಗೆಯೋದೇ ಅಭ್ಯಾಸ.

ಬಟ್ಟೆ ವಿಷ್ಯಕ್ಕೆ ಬಂದ್ರೆ ನಮ್ಮ ಅತ್ತೆ ಬಾಗಲಕೋಟೆ ಕಡೆಯವರು, ಹಾಗಾಗಿ ಮಲೆನಾಡಿನ ಮರದ ಜೊತೆ ಉತ್ತರ ಕರ್ನಾಟಕದ ಬಟ್ಟೆ ಸೇರ್ಕೊಂಡಿದೆ. ಕುರ್ಚಿ ದಿಂಬಿಗೆ ಗುಳೇದಗುಡ್ಡದ ಖಣ, ಮಂಚಕ್ಕೆ ಅತ್ತೆ ಕೈಯಿಂದ ಹೊಲಿದ ಕೌದಿ. ಅವರ ಹಳೇ ಇಳಕಲ್ ಸೀರೆ ಒಂದು ಮಡಿಕೆ ಹತ್ರ ಹರೀತಾ ಬಂದಿತ್ತು, ಅದನ್ನ ಪರದೆ ಮಾಡ್ಲಾ ಅಂತ ಹೆದರಿ ಹೆದರಿ ಕೇಳ್ದೆ. "ಪೆಟ್ಟಿಗ್ಯಾಗ ಮಡಚಿ ಇಟ್ಟು ಏನ್ ಮಾಡೂದೈತಿ ತಗೋ ಯವ್ವಾ, ಕಣ್ಣಿಗರೆ ಕಾಣಸ್ತದ" ಅಂದು ತಾವೇ ಕತ್ತರಿ ಹಿಡಿದ್ರು. ಸೆರಗನ್ನ ಮಾತ್ರ ಕತ್ತರಿಸ್ಬೇಡ ಅಂದ್ರು. ಇಳಕಲ್ ಸೀರೆಗೆ ಒಡಲಿನ ಹತ್ತಿ ದಾರಕ್ಕೆ ಸೆರಗಿನ ರೇಷ್ಮೆ ದಾರಾನ ಕೊಂಡಿ ಹಾಕಿ ಜೋಡಿಸಿರ್ತಾರೆ, ಆ ಜೋಡಣೆ ಹತ್ರ ಕತ್ತರಿ ಬಿದ್ರೆ ಬಿಚ್ಕೊಂಡು ಹೋಗುತ್ತಂತೆ. ಹತ್ತಿ ಸೀರೆ ಬಿಸಿಲಿಗೆ ಬಣ್ಣ ಬಿಡುತ್ತೆ, ಹಿಂದೆ ಬಿಳಿ ಕಾಟನ್ ಲೈನಿಂಗ್ ಹಾಕಿ. ಹೊಲಿಗೆ, ರಾಡು, ಖಣ ಸೇರಿ 7,400.

ದೀಪಕ್ಕೆ ಹಳೇ ಶೇಡು ಹಾಕ್ಕೊಳ್ಳಿ, ಹಳೇ ಹೋಲ್ಡರ್ ಹಳೇ ವೈರು ಬೇಡ. ಕರಿ ಟಕ್ ಟಕ್ ಸ್ವಿಚ್ಚು ನಂಗೂ ತುಂಬಾ ಇಷ್ಟ, ಆದ್ರೆ ಎಲೆಕ್ಟ್ರಿಷಿಯನ್ ಬಿಚ್ಚಿ ಒಳಗಿನ ತುಕ್ಕು ತೋರಿಸಿದ್ಮೇಲೆ ಬಿಟ್ಟೆ. ಬಲ್ಬಿನ ಡಬ್ಬಿ ಮೇಲೆ 2700ಕೆ ಅಂತ ಇರೋದು ತಗೊಳ್ಳಿ, ಹಳದಿ ಬೆಳಕು. 6500ರ ಬಿಳಿ ಬೆಳಕಲ್ಲಿ ಅರಗಿನ ಪಾಲಿಶ್ ಬೂದಿ ಬಣ್ಣ ಕಾಣುತ್ತೆ. ಇದಕ್ಕೆಲ್ಲ 9,000.

ಕೊನೇದು ಬೆತ್ತ. ಅಕ್ಟೋಬರಲ್ಲಿ ಹೆಣೆಯೋರನ್ನ ಹುಡುಕೋಕೇ ಮೂರು ವಾರ ಹೋಯ್ತು, ಸಿಕ್ಕಿದೋರೆಲ್ಲ ಪ್ಲಾಸ್ಟಿಕ್ ವೈರ್ ಹಾಕ್ತೀವಿ ಅನ್ನೋರು. ಕೊನೆಗೆ ಪಾಲಿಶ್‌ನೋರೇ ಒಬ್ರನ್ನ ಹೇಳಿದ್ರು. ಅವರಿಗೆ ಕಣ್ಣು ಕಾಣಲ್ಲ, ಚಿಕ್ಕವರಿದ್ದಾಗ ಅಂಧರ ಶಾಲೇಲಿ ಕಲಿತಿದ್ದಂತೆ, ಮಗಳ ಜೊತೆ ಬಂದ್ರು. ಬಂದ ತಕ್ಷಣ ಈಜಿಚೇರಿನ ಚೌಕಟ್ಟಿನ ಸುತ್ತ ಬೆರಳು ಓಡಿಸಿ ತೂತು ಎಣಿಸಿದ್ರು, ಎರಡು ಕಡೆ ತೂತು ಮುಚ್ಚಿದೆ, ಬಡಗಿ ಹತ್ರ ಬಿಡಿಸಿ ಅಂದ್ರು. ನಾನು ದಿನಾ ನೋಡೋ ಕುರ್ಚಿ, ನಂಗೆ ಅದು ಗೊತ್ತೇ ಇರ್ಲಿಲ್ಲ. ಬೆತ್ತದ ಎಳೇನ ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದ, ಮತ್ತೆ ಅಡ್ಡ, ಕೊನೇಲಿ ಎರಡು ಓರೆ, ಹೀಗೆ ಆರು ಸಲ ಎಳೆ ಹೋಗುತ್ತೆ, ಏಳನೇದು ಅಂಚು ಕಟ್ಟೋದು. ಹೊಳಪಿನ ಮೈ ಮೇಲಿದೆಯಾ ಅಂತ ಪ್ರತಿ ಎಳೇನೂ ಹೆಬ್ಬೆರಳಲ್ಲಿ ಸವರಿ ನೋಡ್ಕೊಂಡೇ ತೂರಿಸ್ತಿದ್ರು. ನೆಂದ ಎಳೆ ಸಡಿಲ ಇದೆ ಅನ್ಸುತ್ತೆ, ಒಣಗಿದ ಮೇಲೆ ತಂಬೂರಿ ತಂತಿ ಥರ ಬಿಗಿ ಆಗುತ್ತೆ. ಕುರ್ಚಿ ಒಂದಕ್ಕೆ 1,300, ಈಜಿಚೇರಿಗೆ 3,600, ನಾನು ಚೌಕಾಸಿ ಮಾಡ್ಲಿಲ್ಲ, ನೀವೂ ಮಾಡ್ಬೇಡಿ. ಒಂಬತ್ತು ದಿನದ ಕೆಲ್ಸ ಅದು.

ಬೀರುವಿನ ನಷ್ಟ 13,000 ಸೇರಿಸಿ ಒಟ್ಟು 1,26,300 ಆಯ್ತು. ಎರಡು ಕಂಬ ಇನ್ನೂ ಗೋಡೆಗೆ ಒರಗಿ ನಿಂತಿದೆ, ಏನ್ ಮಾಡೋದು ಅಂತ ಗೊತ್ತಾಗಿಲ್ಲ, ಗೊತ್ತಾಗೋ ತನಕ ಹಾಗೇ ಇರ್ಲಿ ಅಂತ ಬಿಟ್ಟಿದೀನಿ.

ಹೆಣೆಯೋರು ಹೊರಡೋವಾಗ ಇನ್ನೊಂದು ಹೇಳಿದ್ರು, ಬೆತ್ತ ಒಣಗಿ ಮುರಿಯೋದು ಜಾಸ್ತಿ, ಅದಕ್ಕೇ ಬೇಸಿಗೇಲಿ ತಿಂಗಳಿಗೊಂದ್ಸಲ ಕುರ್ಚಿ ಮಗುಚಿ ಕೆಳಗಿನ ಕಡೆಯಿಂದ ಒದ್ದೆ ಬಟ್ಟೇಲಿ ಒರೆಸಿ, ಮೇಲಿನ ಹೊಳಪಿನ ಕಡೆ ನೀರು ಹೀರಲ್ಲ, ಆಮೇಲೆ ಒಂದಿಡೀ ರಾತ್ರಿ ಅದರ ಮೇಲೆ ಯಾರೂ ಕೂರ್ಬೇಡಿ ಅಂತ. ಬೇಸಿಗೆ ಇನ್ನೂ ದೂರ ಇದೆ, ಆದ್ರೂ ನೆನ್ನೆ ರಾತ್ರಿ ಮಗನ್ನ ಕರ್ಕೊಂಡು ಒಂದ್ಸಲ ಒರೆಸಿ ತೋರಿಸ್ದೆ. ಬೆಳಿಗ್ಗೆ ಐದೂವರೆಗೇ ಎದ್ದು ಬಂದು "ಅಮ್ಮಾ, ಒಣಗಿದ್ಯಾ, ಈಗ ಕೂರ್ಬೋದಾ" ಅಂತ ಕೇಳ್ದ.